ನೆಲಕ್ಕಿಟ್ಟು ಕೊಡುವುದು

ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತೊಂಬತ್ತಿವೆ.
ಇಪ್ಪತ್ತಿದ್ದವು.

ಬೈತಖೋಲ ಬಂದರಿನ ಸೊಸೈಟಿಯಲ್ಲಿ
ಬಂಗಡೆ ತೂಗಿ ಬರೆದುಕೊಳ್ಳುವವ ನಾನು.
ಪೆನ್ಸಿಲ್ ಕೆತ್ತಲಿಕ್ಕೆ ಅಂತ ಶುರುವಾದದ್ದು.
ಪೆನ್ಸಿಲ್ಲಿಗೆ ಒಂದು ಚೂರಿ ಸಾಕಲ್ಲ,
ಎಂದ ಹೆಂಡತಿಗೆ
ಇನ್ನೂ ಉತ್ತರ ಹುಡುಕುತ್ತಿದ್ದೇನೆ.

ಅಂಕೋಲೆಯ ಆಚಾರಿ
ಲಾರಿಯ ಮುರಿದ ಪಟ್ಟಿ ಕಾಸಿ ಬಡಿದದ್ದು ಒಂದು,
ಹಿಡಿಗೆ ಎಮ್ಮೆಕೊಂಬು,
ತೆರೆದರೆ ಹಳೇ ಬಾಗಿಲಿನಷ್ಟು ಸದ್ದು.
ಮಾಜಾಳಿಯ ಗುಜರಿಯವ
ಪೋರ್ತುಗೀಜರ ಕಾಲದ್ದೆಂದು ಆಣೆಯಿಟ್ಟು ಮಾರಿದ್ದೊಂದು;
ಉಜ್ಜಿದ ಮೇಲೆ ಅಲಗಿನ ಬುಡದಲ್ಲಿ
'ಮೀರತ್' ಎಂದು ಮೂಡಿತು.
ಆಣೆಯನ್ನೂ ಇಟ್ಟುಕೊಂಡಿದ್ದೇನೆ, ಅದರ ಜೊತೆಗೇ.
ಮತ್ತೆ ಅಪ್ಪನ ಕವಳದ ಸಂಚಿಯದು:
ಎಲೆಯ ತೊಟ್ಟಿಗೆ, ಗಟ್ಟಿಯಾದ ಸುಣ್ಣಕ್ಕೆ,
ನನ್ನ ಹಿಮ್ಮಡಿಯ ಮುಳ್ಳಿಗೆ.
ಮಸೆದು ಮಸೆದು
ಈಗ ಅದು ಅಲಗಲ್ಲ, ಬಂಗಡೆಯ ಮುಳ್ಳು.

ಉಪ್ಪುಗಾಳಿಗೆ ಗುರುತು ಪರಿಚಯ ಇಲ್ಲ.
ಆಷಾಢದಲ್ಲಿ ಒಂದು ವಾರ ಮರೆತರೆ
ಕೆಂಪಿರುವೆಯಂತೆ ಹತ್ತುತ್ತದೆ ತುಕ್ಕು.
ಭಾನುವಾರ ಪೇಪರು ಹಾಸಿ ಎಲ್ಲವನ್ನೂ ಬಿಚ್ಚಿ
ಮೈಗೆ ಕೊಬ್ಬರಿ ಎಣ್ಣೆ,
ಕೀಲಿಗೆ ಕೋಳಿಪುಕ್ಕದ ತುದಿಯಿಂದ ಒಂದೊಂದೇ ಹನಿ.
ಮೊಂಡಾದದ್ದಕ್ಕೆ
ಉಪ್ಪಿನಕಾಯಿ ಭರಣಿ ಬೋರಲು ಹಾಕಿ
ತಳದ ಒರಟು ಬಳೆಯ ಮೇಲೆ
ನೂಕು, ತಿರುಗಿಸು, ಎಳೆ.
ಪರೀಕ್ಷೆ ಮುಂಗೈ ಕೂದಲ ಮೇಲೆ.
ನನ್ನ ಎಡಗೈ ಮಾತ್ರ ಬೋಳು.

ವಾರಕ್ಕೊಂದರ ಸರದಿ, ಕಿಸೆಯೊಳಗೆ.
ಹಗ್ಗದ ತುದಿ, ಐಸ್ ಪೆಟ್ಟಿಗೆಯ ಪಟ್ಟಿ,
ಮೇ ತಿಂಗಳಲ್ಲಿ ಕರಿ ಈಶಾಡು.
ಸಿಪ್ಪೆ ಹರಿಯದೆ ಒಂದೇ ಸುರುಳಿಯಾಗಿ ಇಳಿಯಬೇಕು;
ಹರಿಯಿತೋ, ಆ ಚೂರಿಗೆ ಮತ್ತೆ ಭರಣಿ.

ಪುರ್ಸು ತಾಂಡೇಲ ಒಂದು ದಿನ ಬಂದು ಕೇಳಿದ.
ಚೂರಿ ಕೈಯಿಂದ ಕೈಗೆ ಕೊಡಬಾರದು,
ಜಗಳ ಹತ್ತುತ್ತದೆ ಅನ್ನುತ್ತಿದ್ದಳು ಆಯಿ.
ನೆಲಕ್ಕಿಟ್ಟೆ. ಬಗ್ಗಿ ಎತ್ತಿಕೊಂಡ.
ಎಲ್ಲ ಶಾಸ್ತ್ರೋಕ್ತ.
ಎತ್ತಿಕೊಂಡವ ನೆಟ್ಟಗೆ ಹೋಗಿ
ಡಾಂಬರು ಡಬ್ಬಿಯ ಮುಚ್ಚಳ ಮೀಟಿದ!
ಆಚಾರಿ ಎಳೆದ ಮೊನೆ
ಅಕ್ಕಿಕಾಳಿನಷ್ಟು ಮುರಿದು ಹಾರಿತು.

ಒಂಬತ್ತು ವರ್ಷ ಮಾತಿಲ್ಲ.
ಅವನ ಬುಟ್ಟಿ ತೂಗುವಾಗ
ನಾನು ಮುಳ್ಳು ನೋಡುತ್ತಿದ್ದೆ,
ಅವನು ದೇವಗಡದ ದೀಪ ನೋಡುತ್ತಿದ್ದ,
ಹಾಡುಹಗಲೇ.

ಕಳೆದ ನವೆಂಬರು, ಕೂರ್ಮಗಡದ ಆಚೆ,
ಡೀಸೆಲ್ ಲೆಕ್ಕಕ್ಕೆಂದು ದೋಣಿಯಲ್ಲಿ ನಾನೂ ಇದ್ದೆ.
ಎಂಜಿನ್ನು ಕೆಮ್ಮಿ ನಿಂತಿತು.
ಪಂಕಕ್ಕೆ ಯಾರದೋ ಬಿಟ್ಟ ಬಲೆ.
ಪುರ್ಸು ಹಾರಿದ. ಅವನ ಚೂರಿ ಕೈಜಾರಿ
ಅವನಿಗಿಂತ ಮೊದಲೇ ತಳಕ್ಕೆ ಹೋಯಿತು.
ನೀರಿನಿಂದ ಒಂದು ತಲೆ, ಒಂದು ಕೈ:
'ಚೂರಿ.'

ಒಂಬತ್ತು ವರ್ಷದ ಮೇಲಿನ ಮೊದಲ ಮಾತು.
ಸರದಿಯಲ್ಲಿದ್ದದ್ದು ಮೊನೆ ಮುರಿದದ್ದೇ.
ಬಿಚ್ಚಿದೆ. ಅಭ್ಯಾಸಬಲ,
ಇಡಲು ಜಾಗ ಹುಡುಕಿ ಬಗ್ಗಿದೆ.
'ನೆಲ ಎಲ್ಲಿಂದ ತರಲೋ ಮಾರಾಯಾ,
ಕೊಡು ಇತ್ಲಾಗೆ!'

ಅಲಗಿನ ಬೆನ್ನು ನನ್ನ ಬೆರಳಲ್ಲಿ,
ಹಿಡಿ ಅವನತ್ತ.
ಕೊಟ್ಟೆ.

ಎಷ್ಟು ಹೊತ್ತೋ. ಮೊದಲು
ಹಸಿರು ನೈಲಾನಿನ ಚೂರುಗಳು ತೇಲಿದವು,
ಮತ್ತೊಂದಿಷ್ಟು ಚೂರುಗಳು,
ಆಮೇಲೆ ಅವನು.
ಉಸಿರು ಹಿಂದಿರುಗಿದ್ದೇ ತಡ ಅಂದ:
'ಮೊನೆ ಇರಲಿಲ್ಲ, ಬಚಾವು. ಇದ್ದಿದ್ದರೆ
ಕತ್ತಲಲ್ಲಿ ನನ್ನ ಕೈಗೇ ಹೆಟ್ಟುತ್ತಿತ್ತು.
ನಾ ಅವತ್ತೇ ಯೋಚಿಸಿದ್ದೆ.'

ವಾಪಸು ಕೊಟ್ಟಿಲ್ಲ.
ಕೇಳಿದರೆ,
'ಕೈಯಿಂದ ಕೈಗೆ ಕೊಟ್ಟಿದ್ದೀಯ,
ಜಗಳ ಬರಲಿ, ಆಮೇಲೆ ನೋಡುವಾ' ಅನ್ನುತ್ತಾನೆ.
ಈಗ ತಕ್ಕಡಿಯ ಪಕ್ಕವೇ ಅವನ ಕೂಡುವ ಜಾಗ.
ಈಶಾಡು ಹೆರೆಯುತ್ತಾನೆ,
ಸಿಪ್ಪೆ ತುಂಡು ತುಂಡು,
ರಸ ಮೊಣಕೈಯವರೆಗೆ.
ಅಲಗು ಮೊಂಡಾಗಿದೆ, ಸದ್ದಿನಲ್ಲೇ ಗೊತ್ತಾಗುತ್ತದೆ,
ತೂಕ ತಪ್ಪಿ ಬರೆಯುತ್ತೇನೆ.

ಚೂರಿ ಇನ್ನು ಕೇಳುವುದಿಲ್ಲ.
ನಾಳೆ ಭರಣಿ ಒಯ್ಯುತ್ತೇನೆ.