ಮಾಲಕರ ಹೆಸರು

ಹತ್ತಿ ತೂಗೂ ಕಾಟಾ ಅದು.
ಗದಗಿನ ಪ್ಯಾಟ್ಯಾಗ ಇಪ್ಪತ್ತೊಂದು ವರ್ಷ
ಅದರ ಮಗ್ಗಲ ಕುಂತು ಚೀಟಿ ಬರದಾಕಿ ನಾನು.
ಮುದ್ರಿ ತಾಜಾ ಇದ್ದದ್ದು ಇದೊಂದಕ್ಕ ಅಂತ
ಬಾಕ್ಸಿಂಗ್ ಸಂಘದವರು ಟಂಟಂ ತಂದು ಕಾಟಾ ಒಯ್ದರು,
ಕಾಟಾದ ಕೂಡ ನನ್ನನ್ನೂ.

ಐವತ್ನಾಕು ಕಿಲೊ.
ಅದರೊಳಗ ಇದ್ದರ ಬೆಲ್ಟಿನ ಆಟ.

ಸವಣೂರಿನ ದಾಕ್ಷಾಯಣಿ ಹಾದಿಮನಿ ಹತ್ತಿದಳು, ಇಳದಳು:
ಐವತ್ಮೂರು, ಎಂಟನೂರೈವತ್ತು.
ಮೂಲ್ಯಾಗ ಕುಂತು ಎರಡು ಬಾಳಿಹಣ್ಣು ತಿಂದಳು,
ಯಾರ ಮಾರಿನೂ ನೋಡದ.

ಆಮ್ಯಾಲೆ ಹಜರಾಬಿ ನದಾಫ.
ಎರಡು ವರ್ಷದಿಂದ ಬೆಲ್ಟು ಅಕೀದು.
ಅವರ ಮುತ್ಯಾ ನಮ್ಮ ಓಣ್ಯಾಗ ಹತ್ತಿ ಹಿಂಜತಿದ್ದ,
ಬಿಲ್ಲಿನ ನರ ಠಂಯ್ ಠಂಯ್ ಅನಿಸಿ;
ನನ್ನ ಮದವಿ ಗಾದಿ ಅವನ ಕೈಯಿಂದು.
ಕೆಂಪು ಅಂಕಿ ನಡಗಿದವು, ನಿಂತವು.
ಐವತ್ನಾಕು, ಮುನ್ನೂರು.

ನೀರು ಹೊಡದ ಹತ್ತಿ ಎಷ್ಟು ನೋಡೇನಿ.
ಅಂಡಿಗ್ಯಾಗ ಮೊಳಕೈತನಾ ಕೈ ಹಾಕಿದರ ತಂಪು ಹತ್ತತದ,
ಮೂರು ಕಿಲೊ ಸುಳ್ಳು ಬೆರಳಿಗೇ ಸಿಗತದ.
ನೀರು ಹಿಂಡಿಕೊಂಡು ಬಂದದ್ದನ್ನ
ತೂಗಿದ್ದು ಇದೇ ಮೊದಲು.

ಒಂದು ತಾಸು ಕೊಟ್ಟರು.
ಮಾರ್ಚಿನ ಬಿಸಲಾಗ ಎರಡು ಸ್ವೆಟರ್ ಮ್ಯಾಲೆ ಹಗ್ಗ ಜಿಗದಳು.
ನಿಂಬಿಹಣ್ಣು ಚೀಪಿ ಚೀಪಿ ಚೊಂಬಿನಾಗ ಉಗುಳಿದಳು,
ಉಗುಳು ಮುಗೀತು, ತುಟಿ ಬಿರತವು.
ನಾವು ನಾಕು ಹೆಂಗಸರು ದುಪ್ಪಟಿ ಹಿಡದು ನಿಂತಿವಿ,
ಒಳಗ ಎಲ್ಲಾ ಕಳದು ಹತ್ತಿದಳು.
ಮೂಗುಬೊಟ್ಟು ಸೈತ ತಗದಳು;
ಕಾಟಾ ಅದನ್ನ ಲೆಕ್ಕಕ್ಕ ಹಿಡೀಲಿಲ್ಲ.
ಇನ್ನೂ ನೂರು.

ಕಲಸಾಂವ ಹೊರಗ ನಿಂತು ಕತ್ತರಿ ಒಳಗ ಕಳಸಿದ.
ಜಡಿಗೆ ಕೈ ಹಚ್ಚಬ್ಯಾಡ್ರಿ, ಅಂದಳು ಹಜರಾಬಿ,
ಅದರಾಗ ಏನು ತೂಕ ಬಂತು.
ಕಣ್ಣಳತಿ ನನಗ ಗೊತ್ತಿತ್ತು:
ನೂರಾ ಇಪ್ಪತ್ತು. ಎಣ್ಣಿ ಹಿಡದು ನೂರಾ ಮೂವತ್ತು.
ನಾ ಬಾಯಿ ಬಿಡಲಿಲ್ಲ.
ತೂಗೂವಾಕಿ ಮಾತಾಡೂದು ತೂಗಿದ ಮ್ಯಾಲೆ.

ಚಿಕ್ಕನಗೌಡ್ರು ಚಸ್ಮಾ ಏರಿಸಿ ಕಾಯ್ದೆ ಓದಿದರು:
ತೂಕ ತಪ್ಪಿದಾಕಿ ಬೆಲ್ಟು ಈ ಕ್ಷಣದಿಂದ ಖಾಲಿ.
ಆಟ ಮಾತ್ರ ನಡೀತದ.
ದಾಕ್ಷಾಯಣಿ ಗೆದ್ದರ ಬೆಲ್ಟು ದಾಕ್ಷಾಯಣೀದು,
ಹಜರಾಬಿ ಗೆದ್ದರ ಯಾರದೂ ಅಲ್ಲ.
ಕಸಾ ಹೊಡೆಯೂ ಫಕೀರವ್ವ ಕೇಳಿದಳು,
ಗೆದ್ದಾಕೀದು ಯಾಕ ಅಲ್ರಿ?
ಗೌಡ್ರು ಅದೇ ಸಾಲು ಮತ್ತೊಮ್ಮೆ ಓದಿದರು, ಜೋರಾಗಿ.

ಮರುದಿನ ರಾತ್ರಿ ಎಂಟು ಸುತ್ತು.
ನನಗ ಆಟ ತಿಳಿಯೂದಿಲ್ಲ. ಸಪ್ಪಳ ತಿಳೀತು:
ಐದನೇ ಸುತ್ತಿನ ಮ್ಯಾಲೆ ಹಜರಾಬಿ ಏಟು
ಹಳೇ ಬಿಲ್ಲಿನಂಗ ಒಂದ ತಾಳಕ್ಕ ಬಿದ್ದವು.
ಅಕಿ ಕೈ ಎತ್ತಿದರು. ಮಂದಿ ಸೀಟಿ ಹೊಡೀತು.
ಮೈಕಿನಾಂವ ಹೆಸರು ಕೂಗಿ, ಮುಂದಿಂದು ನುಂಗಿದ.
ದಾಕ್ಷಾಯಣಿ ಅಳತಿದ್ದಳು, ತೂಕ ತಪ್ಪದಾಕಿ.
ಮೇಜಿನ ಮ್ಯಾಲೆ ಬೆಲ್ಟು ಬಿದ್ದಿತ್ತು,
ಮದವಿ ಮುರದ ಮನ್ಯಾಗಿನ ಬಾಸಿಂಗಧಂಗ.

ಕಪಾಟಿನ ಕೀಲಿ ಸಿಗಲಿಲ್ಲ ಅಂತ
ಅದನ್ನೂ ಟಂಟಮ್ಮಿನಾಗ ನನ್ನ ಕೂಡ ಹಾಕಿ ಕಳಸಿದರು.
ಸುಮ್ಮನ ಕೂಡಲಾರದ ತೂಗಿದೆ:
ಎರಡು ಕಿಲೊ, ನೂರೈವತ್ತು.
ರೂಢಿ ನೋಡ್ರಿ, ಚೀಟೀನೂ ಬರದೆ.
ಮಾಲು: ಬೆಲ್ಟು. ನಗ: ಒಂದು.
ಮಾಲಕರ ಹೆಸರು ಅನ್ನೂ ಕಡೆ
ಪೆನ್ನು ಊರಿದ ಒಂದು ಚುಕ್ಕಿ ಉಳದದ.

ಸೋಮವಾರ ಹಜರಾಬಿ ಪ್ಯಾಟಿಗೆ ಬಂದಿದ್ದಳು,
ಎಡಗಣ್ಣು ಇನ್ನೂ ಬದನಿಕಾಯಿ.
ಕಾಟಾ ಹತ್ತಿದಳು ಚಪ್ಪಲಿ ಸಮೇತ: ಐವತ್ತೇಳು.
ಅಕ್ಕಾ, ಖರೆ ಹೇಳು,
ಜಡಿ ಕೊಯ್ದಿದ್ದರ ಆಗತಿತ್ತೇನು?
ಆಗತಿತ್ತು, ಅಂದೆ.
ಜಡಿ ಮುಂದಕ್ಕ ಎಳಕೊಂಡಳು,
ಅಂಗೈಯಾಗ ಇಟ್ಟು ಮ್ಯಾಲೆ ಕೆಳಗ ಮಾಡಿ ನೋಡಿದಳು.
ಇಷ್ಟ? ಅಂದಳು.

ಹಿಂದ ಹತ್ತಿ ಟ್ರ್ಯಾಕ್ಟರ್ ಹಾರ್ನ್ ಹೊಡೀತಿತ್ತು.