ಬಾಕಿ

ಮೊಣ್ಣಪ್ಪಜ್ಜ ಸತ್ತ ಸುದ್ದಿ ಹುದಿಕೇರಿಗೆ ಬಂದದ್ದು
ತಂತಿಯಲ್ಲಿ, ನಾಟಿಯ ನಡುವೆ.
ಯಾರೋ ಕೋವಿ ಇಳಿಸಿ ಅಂಗಳಕ್ಕೆ ಬಂದು
ಆಕಾಶಕ್ಕೆ ಎರಡು ಗುಂಡು ಹೊಡೆದರು.
ಗದ್ದೆಯಲ್ಲಿ ಬಗ್ಗಿದ್ದವರೆಲ್ಲ ಸೊಂಟ ನೆಟ್ಟಗೆ ಮಾಡಿ
ಮನೆಯ ಕಡೆ ನೋಡಿದರಂತೆ.
ಒಂದಾದರೆ ಗಂಡುಕೂಸು, ಎರಡಾದರೆ ಸಾವು.
ಆ ಲೆಕ್ಕ ಎಲ್ಲರಿಗೂ ಗೊತ್ತು.

ತೂಟಂಗಳದಲ್ಲಿ ಮಾತ್ರ ಅವನ ಗುರುತಿಲ್ಲ.
ಎಲ್ಲರೂ ಇದ್ದಾರೆ ಅಲ್ಲಿ, ಹಾವು ಕಚ್ಚಿ ಹೋದವರು,
ಹೆರಿಗೆಯಲ್ಲಿ ಹೋದವರು, ಕುಡಿದು ಕೆರೆಗೆ ಬಿದ್ದವನು ಕೂಡ.
ಅವನಿಲ್ಲ.
ಮೂವತ್ತೊಂದು ವರ್ಷ ನೋಂದಣಿ ಕಚೇರಿಯಲ್ಲಿ
ಊರವರ ಗಡಿಜಗಳ ಬರೆದಿಟ್ಟ ಕೈ ನನ್ನದು,
ನಿವೃತ್ತಿಯಾದ ಮೇಲೂ ಸುಮ್ಮನೆ ಕೂರಲಿಲ್ಲ.
ಮೂರು ಕಚೇರಿಗೆ ಬರೆದೆ. ಎರಡು ಉತ್ತರಿಸಲಿಲ್ಲ.
ಮೂರನೆಯದು ಎಂಟು ತಿಂಗಳ ಮೇಲೆ
ಒಂದು ಹಾಳೆಯ ಚಿತ್ರ ಕಳಿಸಿತು.

ಮನ್ನಾಪಾ, ಎಂದಿತ್ತು.
ಯಾವ ಗುಮಾಸ್ತನೋ, ಯಾವ ಮಳೆಯಲ್ಲಿ ಕೂತು ಬರೆದನೋ!
ಸುಟ್ಟ ಜಾಗ ರಂಗೂನಿನ ಆಚೆ, ಸಮಾಧಿ ಇಲ್ಲ,
ಕಲ್ಲುಕಂಬದಲ್ಲಿ ಹೆಸರಿದೆ, ತಪ್ಪಾಗಿಯೇ ಇದೆ.
ಬೆರಳಿಟ್ಟು ಓದಿದೆ. ಅತ್ತೆ.
ಅಳು ಮುಗಿದ ಮೇಲೂ ಬೆರಳು ಕೆಳಗೆ ಜಾರಿತು,
ರಿಜಿಸ್ಟರು ಓದುವವರ ಚಟ.

ಎರಡು ಸಾಲು ಕೆಳಗೆ:
ಚಾತ. ಹೇಸರಗತ್ತೆ ಹೊಡೆಯುವವ.
ತಂದೆ, ತಿಳಿಯದು.
ಊರು, ಹುದಿಕೇರಿ, ಕೊಡಗು.

ನಮ್ಮೂರಿನಿಂದ ಹೋದವರು ಇಬ್ಬರು!
ನಾವು ಕೇಳಿದ್ದು ಒಬ್ಬನದೇ ಕತೆ.

ಅಟ್ಟದಲ್ಲಿ ಕೆಂಪು ಬಟ್ಟೆ ಸುತ್ತಿದ ಲೆಕ್ಕದ ಕಡತ,
ಒಂದು ಮೂಲೆ ಇಲಿಗೆ ಸೇರಿದ್ದು.
ತಾತನ ಅಕ್ಷರ ಎಷ್ಟು ಚೆಂದ,
ಮುತ್ತು ಪೋಣಿಸಿದ ಹಾಗೆ ಬರೆದಿದ್ದಾನೆ:
ಯರವ ಚಾತ. ಮುಂಗಡ ಹದಿನಾಲ್ಕು.
ತೀರಿದ್ದು ಮೂರು. ಓಡಿಹೋದ.
ಬಾಕಿ ಹನ್ನೊಂದು, ಅವನ ತಮ್ಮನ ಲೆಕ್ಕಕ್ಕೆ.

ಆ ತಮ್ಮ ಎಷ್ಟು ನಾಟಿ ಬಗ್ಗಿದನೋ
ಹನ್ನೊಂದು ರೂಪಾಯಿಗೆ.
ಎರಡು ಗುಂಡು ಕೇಳಿ ಸೊಂಟ ನೆಟ್ಟಗೆ ಮಾಡಿದವರಲ್ಲಿ
ಅವನೂ ಇದ್ದಿರಬೇಕು, ಕೆಸರ ಕೈಯಲ್ಲಿ,
ಆ ಸದ್ದಿನಲ್ಲಿ ತನ್ನದೂ ಒಂದು ಪಾಲಿದೆ
ಎಂದು ತಿಳಿಯದೆ.

ಹಾಡಿಯಲ್ಲಿ ಬೊಳಚಿ, ಆ ತಮ್ಮನ ಮೊಮ್ಮಗಳು,
ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಕೇಳಿದಳು.
ಎರಡು ಸಲ ಓದಿಸಿದಳು.
"ಓಡಿಹೋಗಲಿಲ್ಲ?"
"ಇಲ್ಲ."
"ಕತ್ತೆ ಹೊಡೀತಾ ಸತ್ತ?"
"ಹೂಂ."
ಬಹಳ ಹೊತ್ತು ಕಾಫಿಗಿಡಗಳ ಕಡೆ ನೋಡಿದಳು.
ಅವರ ಹಳೆಯ ಹೂಳುವ ಜಾಗ ಆ ಗಿಡಗಳ ಕೆಳಗೇ,
ಈಗ ಅದು ನಮ್ಮ ತೋಟದ ಗಡಿಯೊಳಗೆ.
ಆಮೇಲೆ ಕೇಳಿದಳು, ನಗುತ್ತಲೋ ಏನೋ,
"ಆ ಹನ್ನೊಂದು ಈಗ ಎಷ್ಟಾಗ್ತದೆ, ಅಮ್ಮಾ?"

ಬಡ್ಡಿ ಲೆಕ್ಕ ಬಲ್ಲ ನನಗೆ
ಉತ್ತರ ಬರಲಿಲ್ಲ.

ಕಾರಣರಿಗೆ ಎಡೆ ಇಡುವ ದಿನ ಕೈಮಡದ ಮುಂದೆ
ಇನ್ನೊಂದು ಬಾಳೆಲೆ ತಂದೆ. ಅನ್ನ, ಕೋಳಿಸಾರು, ಸಾರಾಯಿ.
ಪಟ್ಟೆದಾರ ಬೆಳ್ಯಪ್ಪಣ್ಣ ಎಲೆ ನೋಡಿದ, ನನ್ನ ನೋಡಿದ.
"ಒಕ್ಕದವನಲ್ಲ," ಎಂದ.
"ಒಕ್ಕದ ಕಡತದಲ್ಲಿದ್ದಾನೆ," ಎಂದೆ.
ಒಳಗೆ ಇಡಲು ಬಿಡಲಿಲ್ಲ.
ಹೊರಗೆ, ಮೆಟ್ಟಿಲ ಬಳಿ, ಹಲಸಿನ ನೆರಳಲ್ಲಿ ಇಟ್ಟೆ.
ಕಾಗೆ ಬಂತು. ಅದಕ್ಕೆ ಒಕ್ಕದ ಭೇದ ತಿಳಿಯದು,
ನಾಯಿಗೂ.

ಊಟದ ಮೇಲೆ ಕೋವಿ ಕೇಳಿದೆ.
ಬೆಳ್ಯಪ್ಪಣ್ಣ ಎಲೆಯಡಿಕೆ ಉಗಿದು ಹೇಳಿದ:
"ಎಂಬತ್ತು ವರ್ಷ ಆಯ್ತು. ಈಗ ಎರಡು ಗುಂಡು ಹೊಡೆದರೆ
ಯಾರು ಸತ್ತರು ಅಂತ ಊರೆಲ್ಲ ಕೇಳ್ತದೆ."

ಕೇಳಲಿ, ಎಂದೆ.