ಹತ್ತೊಂಬತ್ತು ಇಂಚು

ಹ್ಯಾಲಿಫ್ಯಾಕ್ಸಿನ ಇಳಿಜಾರಿನಲ್ಲಿ, ಮುಚ್ಚಿದ ಉಣ್ಣೆ ಗಿರಣಿಯ ಕೆಳಗೆ,
ಬ್ರಯನ್ ಹೇನ್ಸ್‌ವರ್ತ್‌ನ ಟೈರಂಗಡಿ.
ಗೋಡೆ ತುಂಬ ರಿಮ್ಮುಗಳು,
ಪಾತ್ರೆ ಅಂಗಡಿಯಲ್ಲಿ ತೂಗುಬಿಟ್ಟ ತಟ್ಟೆಗಳ ಹಾಗೆ.
ಹದಿನೆಂಟು. ಹತ್ತೊಂಬತ್ತು.
ನಡುವೆ ಒಂದೇ ಇಂಚು.
ಸೀರೆಯ ಅಂಚು ಒಂದಿಂಚು ಅಗಲವಾದರೆ
ಯಾರಿಗೇನು ನಷ್ಟ?

"ಎತ್ತಿ ನೋಡು, ಲವ್," ಅಂದ.
ಈ ಊರಲ್ಲಿ ಎಲ್ಲರಿಗೂ ಎಲ್ಲರೂ ಲವ್,
ಮೀನು ಕಟ್ಟಿಕೊಡುವವಳಿಗೆ ನಾನು, ಬಸ್ಸಿನವನಿಗೆ ಅವಳು.
ಎಡಗೈಗೆ ಹದಿನೆಂಟು, ಬಲಗೈಗೆ ಹತ್ತೊಂಬತ್ತು.
ಎರಡೂವರೆ ಕಿಲೊ ಜಾಸ್ತಿ.
ಇಷ್ಟೇನಾ? ವಾರದ ಅಕ್ಕಿ ಇದಕ್ಕಿಂತ ಭಾರ.

"ಹೊರೋದು ಬೇರೆ, ತಿರುಗಿಸೋದು ಬೇರೆ."
ಅವನು ಅಂದದ್ದು ಯಾರ್ಕ್‌ಷೈರಿನ ದಪ್ಪ ಇಂಗ್ಲಿಷಿನಲ್ಲಿ,
ನನಗೆ ಕೇಳಿಸಿದ್ದು ದಾವಣಗೆರೆಯ ಮಂದಾಕಿನಿ ಟೀಚರ ದನಿಯಲ್ಲಿ:
ತಲೆ ಮೇಲೆ ಕೊಡ ಇಟ್ಕೊಂಡು ಓಡಬಹುದು ಕಣೇ,
ಪಾದಕ್ಕೆ ಕಟ್ಟಿದ ಪಾವಿನ ಲೆಕ್ಕವೇ ಬೇರೆ.
ಐವತ್ತು ಗೆಜ್ಜೆಯಿದ್ದಾಗ ನನ್ನ ಹೆಜ್ಜೆ ನೆಲವನ್ನು ಕೇಳಿಸಿಕೊಳ್ಳುತ್ತಿತ್ತು.
ಹಟ ಹಿಡಿದು ನೂರೈವತ್ತು ಕಟ್ಟಿಕೊಂಡ ಸಂಜೆ
ಸಭೆಗೆ ಸಡಗರ,
ಕಾಲು ಮಾತ್ರ ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ.

ಅದೆಲ್ಲ ನೆನಪಿದ್ದೂ
ಹತ್ತೊಂಬತ್ತನ್ನೇ ಹಾಕಿಸಿದೆ.
ಕಚ್ಚುವ ಜೋಡೆಂದು ಗೊತ್ತಿದ್ದೂ
ಮದುವೆಗೆ ಮೆಟ್ಟಿಕೊಂಡು ಹೋಗುವುದಿಲ್ಲವೇ?
ಕಂಚಿನ ಬಣ್ಣ, ಹತ್ತು ಕಡ್ಡಿ, ಸಂದಿನಲ್ಲಿ ಕೆಂಪು ಬ್ರೇಕು,
ಕುಂಕುಮದ ಭರಣಿಯ ಬಾಯಿ ತೆರೆದಿಟ್ಟಂತೆ.
ನೀಲಿ ಕಾರು, ಮುನ್ನೂರು ಕುದುರೆ,
ನಲವತ್ತಾರರ ನಾನು.
ರಾತ್ರಿಪಾಳಿಯಲ್ಲಿ ಊರವರ ಮೂಳೆಗಳ ಎಕ್ಸ್‌-ರೇ ತೆಗೆದು
ಕೂಡಿಸಿದ ದುಡ್ಡು.
ಯಾರಪ್ಪಣೆ ಬೇಕು?

ಮೂರು ದಿನ ಅಂಗಡಿ ಗಾಜುಗಳಲ್ಲೇ ಕಾರು ಓಡಿಸಿದೆ.
ಬಸ್‌ಸ್ಟಾಪಿನಲ್ಲಿ ಟೈ ಸಡಿಲಿಸಿಕೊಂಡ ಶಾಲೆ ಹುಡುಗನೊಬ್ಬ
ಫೋನೆತ್ತಿ ಫೋಟೊ ಹೊಡೆದ.
ನಾನು ಸುಮ್ಮನೆ ಹೋಗಲಿಲ್ಲ, ಸುಳ್ಳೇಕೆ ಹೇಳಲಿ,
ನಿಧಾನ ಮಾಡಿದೆ.

ಭಾನುವಾರ ಕ್ರ್ಯಾಗ್ ವೇಲಿನ ಇಳಿಜಾರು.
ಮುಂಚೆ ಸ್ಟೇರಿಂಗು ಪಿಸುಗುಡುತ್ತಿತ್ತು:
ಇಗೋ ಜಲ್ಲಿ, ಇಗೋ ಒದ್ದೆ, ಇಲ್ಲಿ ಕುರಿ ದಾಟಿದ ಕೆಸರು.
ಈಗ ಕೂಗುತ್ತದೆ.
ಕೂಗುವವರು ಹೇಳುವುದು ಕಡಿಮೆ.
ತಿರುವಿನ ನಡುವೆ ಒಂದು ಉಬ್ಬು;
ಹಾರಿದ ಚಕ್ರ ನೆಲಕ್ಕೆ ಮರಳುವಷ್ಟರಲ್ಲಿ
ಕಾರು ಗೇಣಷ್ಟು ಆಚೆ ಜರುಗಿತ್ತು, ಕಲ್ಲುಗೋಡೆಯ ಕಡೆಗೆ.
ಒಂದು ಗೇಣು.
ಒಂದಿಂಚಿನ ಬಡ್ಡಿ.

ಆಮೇಲೆ ರಿಪ್ಪಂಡನ್ನಿನ ಗುಂಡಿ.
ಟೈರಿನ ಪಕ್ಕೆಯೋ ಕಟಕ್ ರೊಟ್ಟಿಯಷ್ಟು ತೆಳು,
ಸದ್ದು ನೇರ ಹಲ್ಲಿಗೇ ಬಂತು.

ಬ್ರಯನ್ "ಹೇಳಿರಲಿಲ್ವಾ" ಅನ್ನಲಿಲ್ಲ.
ಚಹಾಕ್ಕೆ ನೀರಿಟ್ಟ.
ಮಷೀನಿನ ಮೇಲೆ ಚಕ್ರ ಸುತ್ತಿಸಿ, ದೀಪ ಹಿಡಿದು ಹುಡುಕುತ್ತಿದ್ದಾಗ
ಅವನಿಗಿಂತ ಮೊದಲು ನನಗೇ ಕಂಡಿತು, ಕಡ್ಡಿಯ ಬುಡದಲ್ಲಿ ಬಿರುಕು.
ಇಂಥ ಗೆರೆ ಮಣಿಕಟ್ಟಿನಲ್ಲಿದ್ದರೆ ಆರು ವಾರ ಪಟ್ಟಿ.
ಅಲ್ಯೂಮಿನಿಯಮ್ಮಿಗೆ ಪಟ್ಟಿಯಿಲ್ಲ.

ಈಗ ಹದಿನೆಂಟು.
ಕಮಾನಿನ ಕೆಳಗೆ ಕಪ್ಪು ರಬ್ಬರೇ ಜಾಸ್ತಿ,
ಜರಿ ಬಿಚ್ಚಿ ಮಾರಿದ ಸೀರೆ.
ಆದರೆ ರಸ್ತೆ ಮತ್ತೆ ಪಿಸುಗುಡುತ್ತಿದೆ,
ಬೆರಳ ತುದಿಗೆ, ಬೆನ್ನಿಗೆ, ಕೂತ ಮೂಳೆಗೆ.
ಒಳಗಿದ್ದವಳಿಗೆ ತನ್ನ ಚಕ್ರ ಕಾಣುವುದೇ ಇಲ್ಲವಲ್ಲ,
ಇಷ್ಟು ದಿನ ಇದು ಹೊಳೆಯಲೇ ಇಲ್ಲ.

ಇವತ್ತು ಬಸ್‌ಸ್ಟಾಪಿನ ಹುಡುಗ ಫೋನೆತ್ತಲಿಲ್ಲ.
ಹೆಬ್ಬೆರಳು ತೋರುಬೆರಳ ನಡುವೆ
ಒಂದಿಂಚು ಹಿಡಿದು ತೋರಿಸಿ, ಹುಬ್ಬೇರಿಸಿದ.
ಹೂಂ ಅಂದೆ, ಗಾಜಿನೊಳಗಿಂದಲೇ.
ಸಿಗ್ನಲ್ ಹಸಿರಾಯಿತು.

ಉಳಿದ ಮೂರು ಕಂಚು ಮೆಟ್ಟಿಲ ಕೆಳಗಿವೆ.
ಮಾರಬೇಕು.
ಆಗೀಗ ಧೂಳು ಒರೆಸುತ್ತೇನೆ.